ಎರಡನೇ ಪಂಕ್ತಿ

ಜನವರಿ 8, 2007. ಸೋಮವಾರ
ತೂಕ: 81.4

ಡಾಕ್ಟರ್ ಬೃಂದಾ ಮೇಡಂ ಇವತ್ತು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಬನ್ನಿ ಸಿಸ್ಟರ್ ಅಂದರು. ಹದಿನಾಲ್ಕು ವರ್ಷದ ನರ್ಸ್ ಕೆಲಸದಲ್ಲಿ ಬಾಗಿಲು ಹಾಕಿಸಿ ಯಾರೂ ನನ್ನನ್ನು ಹೊಗಳಿಲ್ಲ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ.

ಬೈಗುಳವಲ್ಲ, ಹೊಸ ಕೆಲಸ. ಹಸಿರು ಟೀ ಎಲೆಯ ಸಾರ ತೆಗೆದು ಒಣಗಿಸಿ ಕ್ಯಾಪ್ಸೂಲಿಗೆ ತುಂಬಿದ್ದಾರಂತೆ. ಅದನ್ನು ತಿಂದರೆ ಹೆಂಗಸರ ಬೊಜ್ಜು ಇಳಿಯುತ್ತದೆಯೋ ಇಲ್ಲವೋ ಪರೀಕ್ಷೆ ಮಾಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಒಂದೊಂದು ತಾಲ್ಲೂಕಿಗೆ ಇಪ್ಪತ್ತು ಜನ, ಒಟ್ಟು ಎಂಬತ್ತು. ಹನ್ನೆರಡು ವಾರ, ದಿನಕ್ಕೆ ಎರಡು ಕ್ಯಾಪ್ಸೂಲ್. ಅದರಲ್ಲಿ ಅರ್ಧ ಜನಕ್ಕೆ ನಿಜವಾದದ್ದು, ಇನ್ನರ್ಧ ಜನಕ್ಕೆ ನೋಡಲು ಅದೇ ಥರದ, ಒಳಗೆ ಬರೀ ಜೋಳದ ಹಿಟ್ಟು ತುಂಬಿದ್ದು. ಯಾರಿಗೆ ಯಾವುದೆಂದು ತಿನ್ನುವವರಿಗೂ ಗೊತ್ತಿರುವುದಿಲ್ಲ, ನನಗೂ ಮೇಡಂಗೂ ಗೊತ್ತಿರುವುದಿಲ್ಲ. ಆ ಪಟ್ಟಿ ಅರಗಿನ ಮುದ್ರೆ ಹಾಕಿದ ಕವರಿನಲ್ಲಿ ಬೀರು ಸೇರಿದೆ. ಕೊನೆಯಲ್ಲಿ ಎಪ್ಪತ್ತು ಜನಕ್ಕಿಂತ ಕಡಿಮೆ ಉಳಿದರೆ ಲೆಕ್ಕ ನಿಲ್ಲುವುದಿಲ್ಲವಂತೆ, ಅಷ್ಟೂ ಶ್ರಮ ನೀರಿಗೆ.

ನಾನೇ ಯಾಕೆ ಎಂದು ಕೇಳಿದೆ. ಮೇಡಂ, ನೀವು ಹೋದರೆ ಅವರು ನಾಚಿಕೊಳ್ಳುವುದಿಲ್ಲ ಅಂದರು. ಮರ್ಯಾದೆಯಾಗಿಯೇ ಹೇಳಿದರು. ಅರ್ಥ ಮಾತ್ರ ಅದೇ, ದಪ್ಪಗಿರುವವಳನ್ನು ದಪ್ಪಗಿರುವವರ ಹತ್ತಿರ ಕಳಿಸುವುದು. ಸಿಟ್ಟು ಬಂತು. ಒಪ್ಪಿಕೊಂಡೆ.

ಯಾಕೆ ಒಪ್ಪಿಕೊಂಡೆ ಎಂದು ಈ ಪುಸ್ತಕಕ್ಕೆ ಮಾತ್ರ ಹೇಳುತ್ತೇನೆ. ನಾನು ಜೇನು ನಿಂಬೆಹಣ್ಣು ಕುಡಿದಿದ್ದೇನೆ. ಹುರುಳಿ ಗಂಜಿಯಲ್ಲಿ ನಲವತ್ತು ದಿನ ಕಳೆದಿದ್ದೇನೆ. ಟಿ.ವಿ.ಯಲ್ಲಿ ತೋರಿಸುವ ನಡುಪಟ್ಟಿ ಕಟ್ಟಿಕೊಂಡು ಬೆವರುಸಾಲೆ ಬರಿಸಿಕೊಂಡಿದ್ದೇನೆ. ಯಾರೋ ಒಬ್ಬ ಮಾರಿದ ಪುಡಿ ತಿಂದು ಮೂರು ದಿನ ಬಚ್ಚಲು ಬಿಟ್ಟು ಈಚೆ ಬಂದಿಲ್ಲ. ಎಲ್ಲರೂ ಹೇಳುವುದು ಒಂದೇ ಮಾತು, ಎಲ್ಲರಿಗೂ ಗುಣವಾಗಿದೆ, ನಿಮಗೇ ಯಾಕೋ ಆಗಿಲ್ಲ. ಯಾರಿಗೆ ಎಷ್ಟು ಗುಣವಾಯಿತೆಂದು ಒಬ್ಬರೂ ಬರೆದಿಟ್ಟಿಲ್ಲ. ಈ ಸಲ ಬರೆದಿಡುವವಳು ನಾನು. ಕ್ಯಾಪ್ಸೂಲ್ ಕೆಲಸ ಮಾಡುತ್ತದೆಯೋ ಇಲ್ಲವೋ, ಒಂದು ನಿಜವಾದ ಉತ್ತರ ನನಗೆ ಬೇಕು. ಆಸ್ಪತ್ರೆಯವರು ಪರೀಕ್ಷೆಗೆ ಸೇರುವಂತಿಲ್ಲ, ಆದರೆ ಗುಣ ಕಂಡರೆ ಮೊದಲ ಡಬ್ಬಿ ನಿಮಗೇ ಎಂದು ಮೇಡಂ ಮಾತು ಕೊಟ್ಟಿದ್ದಾರೆ.

ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಒಳಗಿನ ಕೋಣೆಯಲ್ಲಿ ತಿಂದೆ. ಅಮ್ಮ ಬಾಗಿಲಾಚೆಯಿಂದ, ಇಲಿ ಹೊಕ್ಕಂಗೆ ಸದ್ದು ಬರ್ತಾ ಐತಲ್ಲೇ ಉಷಾ ಅಂದಳು.

ಜನವರಿ 18. ಗುರುವಾರ
ತೂಕ: 81.9 (ಸಂಕ್ರಾಂತಿ)

ಹಿರಿಯೂರು. ಇಪ್ಪತ್ತಕ್ಕೆ ಹದಿನೇಳು ಜನ ಸಿಕ್ಕರು. ತೂಕದ ಮಿಷನ್ ಕೆಳಗಿಟ್ಟ ಕೂಡಲೇ ಅರ್ಧ ಜನಕ್ಕೆ ಮನೆಯಲ್ಲಿ ಕೆಲಸ ನೆನಪಾಯಿತು. ನನಗೆ ಗೊತ್ತಿತ್ತು. ಅದಕ್ಕೇ ಬ್ಯಾಗಿನಲ್ಲಿ ಹಳೇ ಸೀರೆ, ಹಗ್ಗ ಇಟ್ಟುಕೊಂಡು ಹೋಗಿದ್ದೆ. ಮೂಲೆಗೆ ಅಡ್ಡ ಕಟ್ಟಿ, ಒಬ್ಬೊಬ್ಬರನ್ನೇ ಒಳಗೆ ಕರೆದು, ಸಂಖ್ಯೆಯನ್ನು ಬಾಯಲ್ಲಿ ಹೇಳದೆ ಬರೆದುಕೊಂಡೆ. ಆಮೇಲೆ ಎಲ್ಲರೂ ಬಂದರು. ಮೇಡಂ ಈ ಪರದೆಯ ಉಪಾಯವನ್ನು ಮೆಚ್ಚಿಕೊಂಡರು.

ಮೆಚ್ಚುವಂಥದ್ದೇನಿಲ್ಲ. ತೊಂಬತ್ತಾರರಲ್ಲಿ ನನ್ನನ್ನು ನೋಡಲು ಬಂದಿದ್ದ ಗಂಡಿನ ತಾಯಿ, ಉಪ್ಪಿಟ್ಟು ತಿಂದು ಕೈ ತೊಳೆದು, ಹುಡುಗಿ ಲಕ್ಷಣವಾಗಿದ್ದಾಳೆ, ಧಾರೆಗೆ ಮಣೆ ಮಾತ್ರ ಎರಡು ಜೋಡಿಸಬೇಕು ಎಂದು ನಗುತ್ತಾ ಹೇಳಿದ್ದಳು. ಮನೆ ತುಂಬ ಜನ ಇದ್ದರು. ಅಂದಿನಿಂದ ಹೊರಗಿನವರೆದುರು ನಾನು ಊಟಕ್ಕೆ ಕೂತಿಲ್ಲ. ಪರದೆಯ ಬೆಲೆ ನನಗೆ ಗೊತ್ತು.

ಜನವರಿ 23. ಮಂಗಳವಾರ
ತೂಕ: 81.5

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗಕ್ಕೆ ಹೋಗಿದ್ದೆ. ಅಲ್ಲಿ ಮಲ್ಲಕ್ಕ ಎಂಬ ಹೆಂಗಸಿದ್ದಾಳೆ, ಸ್ತ್ರೀಶಕ್ತಿ ಸಂಘದ ಮುಖ್ಯಸ್ಥೆ. ಅವಳು ಒಂದು ಕೂಗು ಹಾಕಿದರೆ ಸಾಕು, ಇಪ್ಪತ್ತು ಕೇಳಿದವಳಿಗೆ ಮೂವತ್ತು ಜನ ಬಂದು ಕೂತರು. ಹತ್ತು ಜನರನ್ನು ಬೇಡ ಎಂದು ಕಳಿಸುವುದೇ ಕಷ್ಟವಾಯಿತು. ನೀವು ಅಷ್ಟು ದಪ್ಪ ಇಲ್ಲ ಎಂದರೆ ಬೇಜಾರು ಮಾಡಿಕೊಳ್ಳುವ ಹೆಂಗಸರನ್ನು ಇದೇ ಮೊದಲು ನೋಡಿದ್ದು.

ನಿಯಮದ ಪ್ರಕಾರ ಎಲ್ಲವನ್ನೂ ಬಿಡಿಸಿ ಹೇಳಬೇಕು, ಹೇಳಿದೆ. ಅರ್ಧ ಜನಕ್ಕೆ ಹಿಟ್ಟು ಎನ್ನುವಲ್ಲಿಗೆ ಬಂದಾಗ ಮಲ್ಲಕ್ಕ ಕೈ ಎತ್ತಿದಳು.

"ಅಲ್ಲ ಸಿಸ್ಟ್ರೇ, ಒಂದೇ ಪಂಕ್ತೀಲಿ ಕೂರ್ಸಿ, ಒಬ್ರ ಎಲೆಗೆ ಪಾಯಸ, ಪಕ್ಕದೋರ ಎಲೆಗೆ ನೀರು ಬಡಿಸಿದಂಗೆ ಆಗಲ್ವೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ಊಟವಲ್ಲ, ಪರೀಕ್ಷೆ ಅಂದೆ. ಅವಳು ಹೂಂ ಅಂದಳು. ಆ ಹೂಂ ಒಪ್ಪಿಗೆಯದೆಂದು ತಿಳಿದು ಮುಂದಕ್ಕೆ ಹೋದೆ.

ಗಂಗಕ್ಕ ಎಂಬ ಅರವತ್ತರ ಹೆಂಗಸು, ಎಲ್ಲರಿಗಿಂತ ಭಾರದವಳು, ಪರದೆಯೊಳಗೆ ಬಂದವಳು ಮಿಷನ್ ಹತ್ತುವ ಮೊದಲು ನನ್ನ ಕೈ ಹಿಡಿದುಕೊಂಡಳು. ಯಾರಿಗೂ ಹೇಳಬೇಡ, ಮಲ್ಲಕ್ಕನಿಗೂ ಹೇಳಬೇಡ ಅಂದಳು. ನನ್ನ ತಾಯಾಣೆಗೂ ಹೇಳುವುದಿಲ್ಲ ಅಂದೆ. ಊಟ ಮಾಡಿಕೊಂಡು ಹೋಗಿ ಎಂದು ಎಳೆದಾಡಿದರು. ಬಸ್ಸಿನ ನೆಪ ಹೇಳಿ ತಪ್ಪಿಸಿಕೊಂಡೆ.

ಫೆಬ್ರವರಿ 7. ಬುಧವಾರ
ತೂಕ: 81.7

ಬಿ.ದುರ್ಗದಲ್ಲಿ ಡಬ್ಬಿ ಹಂಚಿದ್ದಾಯಿತು. ಪ್ರತಿ ಡಬ್ಬಿಯ ಮೇಲೂ ಅವರವರ ನಂಬರು, ಒಳಗೆ ಅರವತ್ತು ಕ್ಯಾಪ್ಸೂಲ್, ತಿಂಗಳಿಗೊಂದು ಹೊಸ ಡಬ್ಬಿ. ಇಪ್ಪತ್ತೆಂಟು ದಿನಕ್ಕೆ ಐವತ್ತಾರು ಖರ್ಚಾಗಿ ನಾಲ್ಕು ಉಳಿಯಬೇಕು. ಉಳಿದದ್ದನ್ನು ಎಣಿಸಿದರೆ ಯಾರು ತಿಂದರು, ಯಾರು ತಪ್ಪಿಸಿದರು ಎಂಬುದು ಗೊತ್ತಾಗುತ್ತದೆ. ನಾಲ್ಕು ತಾಲ್ಲೂಕೂ ಮುಗಿಯಿತು, ಎಂಬತ್ತಕ್ಕೆ ಎಂಬತ್ತು. ಕಾಲು ಊದಿದೆ. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಳು.

ಮಾರ್ಚ್ 7. ಬುಧವಾರ
ತೂಕ: 82.0

ನನ್ನದು ಏರುತ್ತಿದೆ, ಏರಲಿ. ಬಿ.ದುರ್ಗದ್ದು ಇಳಿದಿದೆ! ಇಪ್ಪತ್ತು ಜನರಲ್ಲಿ ಹದಿನೆಂಟು ಜನ ಇಳಿದಿದ್ದಾರೆ, ಹೆಚ್ಚುಕಡಿಮೆ ಒಂದೊಂದು ಕೇಜಿ. ಇನ್ನೂ ಚೆಂದವೆಂದರೆ, ಇಪ್ಪತ್ತು ಡಬ್ಬಿಯಲ್ಲೂ ಸರಿಯಾಗಿ ನಾಲ್ಕೇ ಕ್ಯಾಪ್ಸೂಲ್ ಉಳಿದಿವೆ. ಹಿರಿಯೂರಿನಲ್ಲಿ ಒಬ್ಬಳದು ಹದಿನೇಳು ಉಳಿದಿತ್ತು, ಒಬ್ಬಳದು ಖಾಲಿ. ಹೊಸದುರ್ಗ ಪೇಟೆಯಲ್ಲಿ ಒಬ್ಬಳ ಡಬ್ಬಿ ಮೊಮ್ಮಗಳ ಗಿಲಕಿಯಾಗಿತ್ತು. ಬಿ.ದುರ್ಗದ ಶಿಸ್ತು ನೋಡಿ ಕಲಿಯಿರಿ ಎಂದು ಇನ್ನು ಎಲ್ಲಾ ಕಡೆಯೂ ಹೇಳುತ್ತೇನೆ.

ಬೃಂದಾ ಮೇಡಂ ಕನ್ನಡಕ ತೆಗೆದು ಎರಡು ಸಲ ನೋಡಿದರು. ಅವರ ಮುಖದಲ್ಲಿ ನಗು ಕಂಡಿದ್ದು ಈ ವರ್ಷ ಇದೇ ಮೊದಲು. ವರದಿಯಲ್ಲಿ ನಿಮ್ಮ ಹೆಸರೂ ಇರುತ್ತದೆ ಸಿಸ್ಟರ್ ಅಂದರು. ಉಷಾರಾಣಿ ಎಂದು ಅಚ್ಚಾಗುತ್ತದೆ. ನಾನು ಹುಡುಕುತ್ತಿದ್ದ ಉತ್ತರ ಹೌದು ಎಂದೇ ಇರಬಹುದೇನೋ. ಈಗಲೇ ಕುಣಿಯಬಾರದು, ಇನ್ನೂ ಎಂಟು ವಾರ ಇದೆ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಕ್ಕಿದ್ದು ನಿಜ.

ಮಾರ್ಚ್ 22. ಗುರುವಾರ
ತೂಕ: 82.6

ಯುಗಾದಿ ಹೋಳಿಗೆ. ಎಷ್ಟು ತಿಂದೆ ಎಂದು ಬರೆಯುವುದಿಲ್ಲ. ಮೊದಲ ಡಬ್ಬಿ ನನ್ನ ಕೈಗೆ ಬರುವವರೆಗೆ ಹೇಗೋ ನಡೆಯಲಿ.

ಏಪ್ರಿಲ್ 4. ಬುಧವಾರ
ತೂಕ: ನೋಡಿಲ್ಲ

ಬರೆಯಲು ಮನಸ್ಸಿಲ್ಲ. ಆದರೆ ಇವತ್ತೇ ಬರೆಯಬೇಕು. ನಾಳೆಗೆ ಬಿಟ್ಟರೆ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಂಡುಬಿಡುತ್ತೇನೆ.

ಬಿ.ದುರ್ಗದಲ್ಲಿ ಎರಡನೇ ತಿಂಗಳ ತೂಕ. ಇವತ್ತೂ ಎಲ್ಲರೂ ಇಳಿದಿದ್ದರು, ಇವತ್ತೂ ಇಪ್ಪತ್ತು ಡಬ್ಬಿಯಲ್ಲಿ ನಾಲ್ಕು ನಾಲ್ಕೇ. ಗಂಗಕ್ಕನನ್ನು ಪರದೆಯೊಳಗೆ ಕರೆದಾಗ, ಮುಖ ಬಾಡಿದೆಯಲ್ಲ ಎಂದು ಮಾತಿಗೆ ಕೇಳಿದೆ. ಮಗಳ ಹೆರಿಗೆಗೆ ಹಿರಿಯೂರಿಗೆ ಹೋಗಿ ಹತ್ತು ದಿನ ಇದ್ದು ಬಂದೆ, ನಿದ್ದೆಯಿಲ್ಲ ಅಂದಳು. ಡಬ್ಬಿ ತೆಗೆದುಕೊಂಡು ಹೋಗಿದ್ದಿರಾ ಎಂದೆ. ಇಲ್ಲ, ಡಬ್ಬಿ ಇಲ್ಲೇ ಇತ್ತು ಅಂದಳು. ಹಾಗಾದರೆ ನಾಲ್ಕಲ್ಲ, ಇಪ್ಪತ್ತನಾಲ್ಕು ಉಳಿದಿರಬೇಕು.

"ಮಾತ್ರೆ ತಪ್ಪಿಸಿಲ್ಲ ಕಣವ್ವ. ನನ್ ಪಾಲಿಂದು ಮಲ್ಲಕ್ಕ ಪೇಪರ್ನಾಗೆ ಕಟ್ಟಿಕೊಟ್ಟಿದ್ಲು."

"ನಿಮ್ ಡಬ್ಬಿಯಿಂದ್ಲೇ ತಾನೇ?"

"ಎಲ್ಲಾರ್ದೂ ಒಂದೇ ಡಬ್ಬಿ ಅಲ್ವೇನವ್ವ," ಅಂದಳು.

ಪರದೆ ಸರಿಸಿ ಈಚೆ ಬಂದು ಮಲ್ಲಕ್ಕನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೆಂದು ಅವಳಿಗೆ ಅನಿಸಿಯೂ ಇಲ್ಲ. ಒಳಗೆ ಹೋಗಿ, ಮಂಡಕ್ಕಿ ಇಡುವಷ್ಟು ದೊಡ್ಡ ಸ್ಟೀಲ್ ಡಬ್ಬಿ ತಂದು ಮುಚ್ಚಳ ತೆಗೆದಳು. ನಾನು ಡಬ್ಬಿ ಹಂಚಿ ಬಸ್ ಹತ್ತಿದ ದಿನವೇ ಇಪ್ಪತ್ತು ಡಬ್ಬಿಯನ್ನೂ ಅದಕ್ಕೆ ಸುರಿದು, ಕೈಯಾಡಿಸಿ ಬೆರೆಸಿದ್ದಾರೆ. ದಿನಾ ಬೆಳಗ್ಗೆ ಇಪ್ಪತ್ತೂ ಜನ ಊರಿನ ಆ ತುದಿಯಿಂದ ಈ ತುದಿಗೆ, ಮಲ್ಲಕ್ಕನ ಮನೆಗೆ ನಡೆದು ಬಂದು, ಕಟ್ಟೆಯ ಮೇಲೆ ಸಾಲಾಗಿ ಕೂತು, ಎರಡೆರಡು ತೆಗೆದುಕೊಂಡು ಹೋಗುತ್ತಾರೆ. ನಾನು ಬರುವ ದಿನ ನಾಲ್ಕು ನಾಲ್ಕು ಎಣಿಸಿ ಮತ್ತೆ ಅವರವರ ಡಬ್ಬಿಗೆ ತುಂಬುತ್ತಾರೆ.

"ನೀವೇ ಹೇಳಿದ್ರಲ್ಲ, ಅರ್ಧ ಜನಕ್ಕೆ ಬರೀ ಹಿಟ್ಟು ಅಂತ. ಪಾಪ, ಯಾರ ಪಾಲಿಗೆ ಅದು ಬಂದೈತೋ. ಎಲ್ಲಾ ಬೆರ್ಸಿದ್ರೆ ಎಲ್ರಿಗೂ ಅರ್ಧರ್ಧನಾದ್ರೂ ಸಿಗ್ತೈತಲ್ಲ. ಸಂಘದಾಗೆ ಪಂಕ್ತಿಭೇದ ಮಾಡಬಾರ್ದು ನೋಡ್ರಿ."

ಇಪ್ಪತ್ತು ಮುಖಗಳೂ ನನ್ನನ್ನೇ ನೋಡುತ್ತಿದ್ದವು, ಭೇಷ್ ಅನ್ನುತ್ತೇನೆ ಎಂದು ಕಾಯುತ್ತಿದ್ದವು. ತೂಕ ಬರೆದುಕೊಂಡು ಬಸ್ ಹತ್ತಿದೆ.

ಏಪ್ರಿಲ್ 5. ಗುರುವಾರ

ಯಾರಿಗೂ ಗೊತ್ತಿಲ್ಲ. ಮೇಡಂಗೆ ಗೊತ್ತಿಲ್ಲ. ಕಾಗದದ ಮೇಲೆ ಬಿ.ದುರ್ಗ ಎಲ್ಲಕ್ಕಿಂತ ಅಚ್ಚುಕಟ್ಟು. ಬಾಯಿ ಮುಚ್ಚಿಕೊಂಡರೆ ಎಂಬತ್ತು ಎಂಬತ್ತೇ.

ಏಪ್ರಿಲ್ 7. ಶನಿವಾರ

ಎರಡು ದಿನದಿಂದ ಒಂದೇ ಯೋಚನೆ. ಹೇಳಿದರೆ ಇಪ್ಪತ್ತು ಜನ ಹೋಗುತ್ತಾರೆ, ಅರವತ್ತು ಉಳಿಯುತ್ತದೆ, ಲೆಕ್ಕ ನಿಲ್ಲುವುದಿಲ್ಲ. ಮೇಡಂ ಒಂದು ವರ್ಷ ಓಡಾಡಿ ಒಪ್ಪಿಗೆ ತಂದ ಕೆಲಸ ಮುಳುಗುತ್ತದೆ. ವರದಿಯೂ ಇಲ್ಲ, ಅದರಲ್ಲಿ ನನ್ನ ಹೆಸರೂ ಇಲ್ಲ, ಮೊದಲ ಡಬ್ಬಿಯೂ ಇಲ್ಲ. ಮಾಡಿದ್ದುಣ್ಣೋ ಮಹಾರಾಯ. ಮಲ್ಲಕ್ಕ ಅವತ್ತು ನೇರವಾಗಿ ಕೇಳಿದ ಪ್ರಶ್ನೆಗೆ ನಗುವಿನ ಬದಲು ಉತ್ತರ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಹೇಳದಿದ್ದರೆ? ಹೇಳದಿದ್ದರೆ ನಾನೂ ಆ ಪುಡಿ ಮಾರಿದವನೂ ಒಂದೇ. ಎಲ್ಲರಿಗೂ ಗುಣವಾಗಿದೆ, ನಿಮಗೇ ಯಾಕೋ ಆಗಿಲ್ಲ ಎಂದು ಮುಂದೆ ಯಾವಳೋ ಒಬ್ಬಳಿಗೆ ಹೇಳುತ್ತಾರೆ, ನನ್ನ ಕಾಗದ ತೋರಿಸಿಯೇ ಹೇಳುತ್ತಾರೆ.

ಸೋಮವಾರ ಹೇಳುತ್ತೇನೆ.

ಏಪ್ರಿಲ್ 9. ಸೋಮವಾರ

ಈ ಸಲ ಬಾಗಿಲನ್ನು ನಾನೇ ಹಾಕಿದೆ. ಸ್ಟೀಲ್ ಡಬ್ಬಿಯ ಕಥೆ ಪೂರ್ತಿ ಹೇಳಿದೆ, ನನ್ನ ನಗುವನ್ನೂ ಬಿಡದೆ. ಮೇಡಂ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದರು.

"ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ ಸಿಸ್ಟರ್," ಅಂದರು.

"ಅದಕ್ಕೇ ಹೇಳ್ದೆ ಮೇಡಂ."

ಅವರು ಕೂಗಾಡಿದ್ದರೆ ಒಳ್ಳೆಯದಿತ್ತು. ಬಿ.ದುರ್ಗದ ಕಾಗದಗಳನ್ನೆಲ್ಲ ಬೇರೆ ಕಟ್ಟಿ, ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಹಾಗಾದರೆ ಅವರೆಲ್ಲರ ತೂಕ ಇಳಿದದ್ದು ಯಾಕೆ ಎಂದು ಕೇಳಿದೆ. ಅದು ಈಗ ಲೆಕ್ಕದ ಹೊರಗಿನ ಮಾತು, ಯೋಚಿಸಬೇಡಿ ಅಂದರು. ಒಂದು ತಿಂಗಳೊಳಗೆ ಬೇರೆ ಇಪ್ಪತ್ತು ಜನ ಸಿಕ್ಕಿ ಮೊದಲಿನಿಂದ ಶುರುವಾದರೆ ಉಂಟು, ಇಲ್ಲದಿದ್ದರೆ ಮುಚ್ಚಿಬಿಡೋಣ ಅಂದರು. ಹುಡುಕುತ್ತೇನೆ ಅಂದೆ. ಅವರು ಬೆರೆಸುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದರು. ಅದನ್ನೂ ಹುಡುಕುತ್ತೇನೆ ಅಂದೆ.

ಏಪ್ರಿಲ್ 12. ಗುರುವಾರ

ಬಿ.ದುರ್ಗಕ್ಕೆ ಹೋಗಿ, ನೀವು ಪರೀಕ್ಷೆಯಲ್ಲಿ ಇಲ್ಲ ಎಂದು ಹೇಳಿ ಬಂದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅದು ಮರ್ಯಾದೆಯಲ್ಲ. ಯಾಕೆ ಎಂಬುದನ್ನು ಈ ಸಲ ನಗದೆ ಬಿಡಿಸಿ ಹೇಳಿದೆ. ಬೆರೆಸಿದ ಮೇಲೆ ಟೀ ತಿಂದವರು ಯಾರು, ಹಿಟ್ಟು ತಿಂದವರು ಯಾರು ಎಂಬುದೇ ಇಲ್ಲ, ಹಾಗಾಗಿ ಯಾವುದರಿಂದ ಇಳಿಯಿತೆಂದು ದೇವರಾಣೆಗೂ ಹೇಳಲಾಗುವುದಿಲ್ಲ ಅಂದೆ. ಮಲ್ಲಕ್ಕ ಸೆರಗಿನ ಅಂಚು ಮಡಿಸಿದಳು. ನಿಮ್ಮ ಕೆಲಸ ಕೆಡಿಸಿದೆವಲ್ಲ ಅಂದಳು. ನನ್ನದೂ ತಪ್ಪಿದೆ ಅಂದೆ. ಗಂಗಕ್ಕ ಅಳುವುದಕ್ಕೇ ಶುರುಮಾಡಿದಳು, ತನ್ನ ಬಾಯಿಂದಲೇ ಹೊರಬಿತ್ತು ಎಂದು.

ಇನ್ನು ಇಪ್ಪತ್ತು ಜನರನ್ನು ಎಲ್ಲಿ ಹುಡುಕಲಿ, ಅವರೂ ಬೆರೆಸಿದರೆ ಏನು ಮಾಡಲಿ ಎಂದು ಅವರ ಮುಂದೆಯೇ ತಲೆ ಚಚ್ಚಿಕೊಂಡೆ. ಆಗ ಮಲ್ಲಕ್ಕ ಹೇಳಿದಳು.

"ಮದುವೆ ಮನ್ಯಾಗೆ ಎಲ್ರೂ ಒಂದೇ ಸಲ ಉಣ್ತಾರೇನ್ರಿ? ಮೊದಲ್ನೇ ಪಂಕ್ತಿ ಎದ್ಮೇಲೆ ಎರಡ್ನೇ ಪಂಕ್ತಿ. ಈಗ ಹಿಟ್ಟು ಬಂದೋರಿಗೆ, ಆಮ್ಯಾಕೆ ನಿಜವಾದ್ದು ನಾನೇ ತಂದು ಬಡಿಸ್ತೀನಿ ಅಂತ ಮಾತು ಕೊಡ್ರಿ. ಬಡಿಸೋರು ನಮ್ಮೋರಾದ್ರೆ ಕಡೇ ಪಂಕ್ತೀಲಿ ಕುಂತ್ರೇನು? ಯಾರೂ ಬೆರ್ಸಲ್ಲ."

ಇಷ್ಟು ಸುಲಭದ ಮಾತು ಓದಿದವರ್‍ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಬಡಿಸಿಯೇ ಬಿಟ್ಟರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡೆ. ಬೆಳ್ಳುಳ್ಳಿ ಒಗ್ಗರಣೆ ಹೇಗೆಂದು ಅಮ್ಮನಿಗೆ ಹೇಳಬೇಕು.

ಏಪ್ರಿಲ್ 24. ಮಂಗಳವಾರ

ಮೇಡಂಗೆ ಎರಡನೇ ಪಂಕ್ತಿಯ ಮಾತು ಹಿಡಿಸಿತು. ಮೇಲಿನ ಸಮಿತಿಗೆ ಬರೆದು ಒಪ್ಪಿಗೆ ತರಿಸಿದ್ದಾರೆ, ಹೊಸದಾಗಿ ಸೇರುವವರಲ್ಲಿ ಹಿಟ್ಟು ಬಂದವರಿಗೆ ಪರೀಕ್ಷೆ ಮುಗಿದ ಮೇಲೆ ಹನ್ನೆರಡು ವಾರದ ಕ್ಯಾಪ್ಸೂಲ್ ಕೊಡಬಹುದಂತೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಅಂಗನವಾಡಿಯ ನಾಗಕ್ಕ ಎನ್ನುವವರು ಜನ ಕೂಡಿಸಿಕೊಡುತ್ತೇನೆ ಎಂದಿದ್ದಾರೆ. ನಾಲ್ಕು ಸಲ ಹೋಗಿ ಬಂದೆ. ಬಿಸಿಲು ಅಂದರೆ ಬಿಸಿಲು. ಹನ್ನೊಂದು ಜನ ಆಗಿದ್ದಾರೆ.

ಮೇ 2. ಬುಧವಾರ

ಇಪ್ಪತ್ತು. ಶ್ರೀರಾಂಪುರದಲ್ಲಿ ಡಬ್ಬಿ ಹಂಚಿದೆ. ಎದ್ದು ನಿಂತು ಎರಡನೇ ಪಂಕ್ತಿಯ ಮಾತು ಕೊಟ್ಟೆ. ಆಮೇಲೆ ಮಾತು ನೆನಪಿಸಲು ಬೇಕಾದೀತೆಂದು ಎಲ್ಲರೆದುರು ನನ್ನ ಹೆಸರು, ಮನೆ ವಿಳಾಸ ಬರೆದುಕೊಟ್ಟೆ. ತಪ್ಪಿಸಿಕೊಂಡರೆ ಚಿತ್ರದುರ್ಗಕ್ಕೇ ಬರ್ತೀವಿ ಅಂದರು. ಬನ್ನಿ ಅಂದೆ.

ಮೇ 30. ಬುಧವಾರ

ಉಳಿದ ಕ್ಯಾಪ್ಸೂಲ್: ನಾಲ್ಕು, ಆರು, ಹನ್ನೊಂದು, ನಾಲ್ಕು, ಎರಡು, ಒಂಬತ್ತು... ಇಷ್ಟು ಹಾಳುಮೂಳು ಲೆಕ್ಕ ನೋಡಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಬೆರೆಸಿಲ್ಲ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಈರುಳ್ಳಿ ಸಾಲದೇನೋ ಎಂದು ತಮ್ಮ ಪೊಟ್ಟಣದ್ದೂ ಕೊಟ್ಟರು.

ಜೂನ್ 27. ಬುಧವಾರ

ಮಳೆ ಹಿಡಿದು ಶ್ರೀರಾಂಪುರದಲ್ಲಿ ಮೂವರು ಬಂದಿರಲಿಲ್ಲ. ಹೊಲಕ್ಕೇ ಮಿಷನ್ ಹೊತ್ತುಕೊಂಡು ಹೋದೆ. ಕೆಸರಿನಲ್ಲಿ ಚಪ್ಪಲಿಯ ಬಾರು ಕಿತ್ತಿತು. ಮೂರೂ ತೂಕ ಬರೆದುಕೊಂಡೆ.

ಜುಲೈ 25. ಬುಧವಾರ

ಮುಗಿಯಿತು. ಎಲ್ಲಾ ಕಡೆ ಸೇರಿ ಎಪ್ಪತ್ನಾಲ್ಕು ಜನ ಕೊನೆಯವರೆಗೆ ಉಳಿದಿದ್ದಾರೆ. ಲೆಕ್ಕ ನಿಲ್ಲುತ್ತದೆ.

ಆಗಸ್ಟ್ 6. ಸೋಮವಾರ

ಕವರು ಒಡೆದರು. ಲೆಕ್ಕದವರು ಹಾಳೆಯನ್ನು ಮೇಡಂ ಕೈಗೆ ಕೊಟ್ಟರು, ಮೇಡಂ ಓದಿ ನನ್ನ ಕೈಗೆ ಕೊಟ್ಟರು.

ಟೀ ಕ್ಯಾಪ್ಸೂಲ್ ತಿಂದವರು ಸರಾಸರಿ ಏಳುನೂರು ಗ್ರಾಂ ಇಳಿದಿದ್ದಾರೆ. ಹಿಟ್ಟು ತಿಂದವರು ಆರುನೂರು ಗ್ರಾಂ. ಒಂದು ಲೋಟ ನೀರು ಕುಡಿದರೆ ಆಗುವ ವ್ಯತ್ಯಾಸ ಅದು. ಕ್ಯಾಪ್ಸೂಲಿನಿಂದ ಬೊಜ್ಜು ಇಳಿಯಿತೆಂದು ನಮ್ಮ ಪರೀಕ್ಷೆಯಲ್ಲಿ ಕಂಡುಬರಲಿಲ್ಲ. ಅಷ್ಟೇ.

ನನಗೆ ಅಳು ಬಂತು. ಮೇಡಂ ಎದುರಿಗೇ ಅತ್ತೆ. ಏಳು ತಿಂಗಳು ಆ ಮಿಷನ್ ಹೊತ್ತು ತಿರುಗಿದ್ದು ಹೌದು ಎನ್ನಿಸಿಕೊಳ್ಳಲು. ಹೌದು ಅಥವಾ ಇಲ್ಲ, ಎರಡರಲ್ಲಿ ಯಾವುದಾದರೂ ಸರಿ ಎಂದು ಈ ಪುಸ್ತಕದ ಮೊದಲ ಪುಟದಲ್ಲಿ ಬರೆದದ್ದು ಅರ್ಧ ಸುಳ್ಳು. ಮೇಡಂ ಮುಖವೂ ಸೋತಿತ್ತು. ಕ್ಯಾಂಟೀನಿನಿಂದ ಎರಡು ಟೀ ತರಿಸಿದರು. ಹಾಲು, ಸಕ್ಕರೆ ಎಲ್ಲಾ ಹಾಕಿದ್ದು. ಇಬ್ಬರೂ ಕುಡಿದೆವು. ಬಿ.ದುರ್ಗದವರನ್ನು ಬಿಡದೆ ಸೇರಿಸಿಕೊಂಡಿದ್ದರೆ ಈ ಹಾಳೆಯ ಮೇಲೆ ನನಗೇ ನಂಬಿಕೆ ಇರುತ್ತಿರಲಿಲ್ಲ ಅಂದರು.

ಏಳುವಾಗ, ಶ್ರೀರಾಂಪುರದಲ್ಲಿ ಹಿಟ್ಟು ಬಂದವರ ಪಟ್ಟಿ ಕೊಡಿ ಎಂದು ಕೇಳಿದೆ. ಹತ್ತು ಹೆಸರು. ಗುಣವೇ ಇಲ್ಲ ಎಂದು ಗೊತ್ತಾದ ಮೇಲೆ ಯಾಕೆ ಸಿಸ್ಟರ್ ಅಂದರು ಮೇಡಂ. ಮಾತು ಕೊಟ್ಟಿದ್ದೇನೆ ಅಂದೆ.

ಆಗಸ್ಟ್ 9. ಗುರುವಾರ

ಶ್ರೀರಾಂಪುರ. ಫಲಿತಾಂಶವನ್ನು ಮೊದಲು ಹೇಳಿದೆ, ಆಮೇಲೆ ಚೀಲ ಬಿಚ್ಚಿದೆ. ಗುಣ ಕಂಡಿಲ್ಲ, ಆದರೂ ನಿಮ್ಮ ಪಾಲಿನದು ತಂದಿದ್ದೇನೆ, ಬೇಕಾದವರು ತೆಗೆದುಕೊಳ್ಳಿ ಅಂದೆ. ಕೆಲಸಕ್ಕೆ ಬಾರದ್ದನ್ನು ಅಷ್ಟು ದೂರದಿಂದ ಹೊತ್ತುಕೊಂಡು ಬಂದಿದ್ದೀರಲ್ಲ ಎಂದು ನಾಗಕ್ಕ ನಕ್ಕರು. ಆರು ಜನ ಬೇಡ ಅಂದರು. ನಾಲ್ಕು ಜನ ತೆಗೆದುಕೊಂಡರು. ಅವರಲ್ಲಿ ಒಬ್ಬಳು, ಪಾಲಿಗೆ ಬಂದಿದ್ದು ಬಿಡಬಾರದು ಎಂದು ಕಣ್ಣಿಗೊತ್ತಿಕೊಂಡಳು. ಯಾರೂ ನನ್ನ ಮನೆಗೆ ಜಗಳಕ್ಕೆ ಬರುವುದಿಲ್ಲ.

ಆಗಸ್ಟ್ 10. ಶುಕ್ರವಾರ

ಬಿ.ದುರ್ಗಕ್ಕೆ ಹೋಗಲೇಬೇಕೆಂದೇನೂ ಇರಲಿಲ್ಲ, ಅವರು ಲೆಕ್ಕದಲ್ಲಿಲ್ಲ. ಆದರೆ ಮಿಷನ್ನನ್ನು ಸೋಮವಾರ ಸ್ಟೋರಿಗೆ ಒಪ್ಪಿಸಬೇಕು, ಅಷ್ಟರೊಳಗೆ ಒಂದು ಸಲ ಹೋಗಿಬರೋಣ ಎನಿಸಿತು.

ಎಲ್ಲರೂ ಕಟ್ಟೆಯ ಮೇಲೆ ಕೂಡಿದ್ದರು. ಸ್ಟೀಲ್ ಡಬ್ಬಿಯಲ್ಲಿ ಈಗ ಮಂಡಕ್ಕಿ ಇದೆ. ಬೆಳಗ್ಗೆ ಬಂದು ಸೇರುವುದನ್ನು ಮಾತ್ರ ಬಿಟ್ಟಿಲ್ಲವಂತೆ, ಅಭ್ಯಾಸವಾಗಿ ಹೋಗಿದೆ. ಟೀಗೂ ಹಿಟ್ಟಿಗೂ ವ್ಯತ್ಯಾಸವೇ ಕಾಣಲಿಲ್ಲ ಎಂದು ಹೇಳಿದೆ.

"ಹಂಗಾರೆ ಯಾರಿಗೂ ಮೋಸ ಆಗ್ಲಿಲ್ಲ ಬಿಡವ್ವ," ಅಂದಳು ಮಲ್ಲಕ್ಕ.

ಬಂದವರು ಬಂದಿದ್ದೀರಿ, ಕೊನೆಯದಾಗಿ ಒಂದು ಸಲ ತೂಕ ನೋಡಿ ಹೋಗಿ ಎಂದು ಹಟ ಹಿಡಿದರು. ಮಿಷನ್ ಕೆಳಗಿಟ್ಟು ಬ್ಯಾಗಿಗೆ ಕೈ ಹಾಕಿದರೆ ಸೀರೆಯೂ ಇಲ್ಲ, ಹಗ್ಗವೂ ಇಲ್ಲ. ಶ್ರೀರಾಂಪುರದಲ್ಲೇ ಬಿಟ್ಟು ಬಂದಿದ್ದೇನೆ. ಗಂಗಕ್ಕ ಮೊದಲ ಸಾಲಿನಲ್ಲಿದ್ದವಳು ಮೆಲ್ಲಗೆ ಹಿಂದಕ್ಕೆ ಸರಿದು, ನನ್ನದು ಬೇಡ ಬಿಡಿ ಅಂದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ನಾನೇ ಹತ್ತಿ ನಿಂತೆ. ಓದಿ ಮಲ್ಲಕ್ಕ, ಜೋರಾಗಿ ಓದಿ, ಎಲ್ಲರಿಗೂ ಕೇಳಬೇಕು ಅಂದೆ.

ಮಲ್ಲಕ್ಕ ಬಗ್ಗಿ, ಊರಿಗೆಲ್ಲ ಕೇಳುವ ಹಾಗೆ ಓದಿದಳು. ನಮ್ಮ ಸಂಘಕ್ಕೆ ಸೇರೋಕೆ ಅಡ್ಡಿಯಿಲ್ಲ ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ನನಗೂ ನಗು ಬಂತು. ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಭುಜ ಹಿಡಿದು ಹತ್ತಿದಳು. ಅವಳದು 93.2. ಅವಳೇ ಕೇಳಿಕೊಂಡಳು, ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನದನ್ನೂ ಬರೆದುಕೊಳ್ಳಬೇಕಿತ್ತು. ಮಲ್ಲಕ್ಕ ಎಂಬತ್ತು ಅಂದಳೋ ಎಂಬತ್ತೆರಡು ಅಂದಳೋ, ಈಗ ನೆನಪಾಗುತ್ತಿಲ್ಲ. ಊಟಕ್ಕೆ ಕೂರುವ ಗಡಿಬಿಡಿಯಲ್ಲಿ ಮರೆತೇಹೋಯಿತು.